ಒಂಬತ್ತು ಮಂದಿ, ತೊಂಬತ್ತು ಅಡಿ

ಮಕ್ಕಳೇ, ಜಗಳವಿಲ್ಲದೆ ಆಟ ಮುಗಿದ ದಿನ ಯಾವುದಾದರೂ ಉಂಟೇ? "ಔಟ್!" ಎಂದು ಒಬ್ಬ ಕೂಗುತ್ತಾನೆ. "ಟಪ್ಪಾ ಬಿದ್ದ ಮ್ಯಾಲೆ ಹಿಡದೀ, ಔಟ್ ಇಲ್ಲ" ಎಂದು ಇನ್ನೊಬ್ಬ. ಬೀದರಿನ ಗಲ್ಲಿಯಲ್ಲೂ ಇದೇ ಮಾತು, ಭಾಲ್ಕಿಯ ಶಾಲೆ ಅಂಗಳದಲ್ಲೂ ಇದೇ ಮಾತು, ಔರಾದ್ ಕಡೆ ಜೋಳ ಕೊಯ್ದ ಹೊಲದಲ್ಲೂ ಇದೇ ಮಾತು. ಈ ಜಗಳ ಮುಗಿಯುವುದು ಎರಡೇ ರೀತಿಯಲ್ಲಿ. ಒಂದೋ ಬ್ಯಾಟಿನ ಒಡೆಯ ಬ್ಯಾಟು ಎತ್ತಿಕೊಂಡು ಮನೆಗೆ ಹೋಗುತ್ತಾನೆ. ಇಲ್ಲವೇ ಎಲ್ಲರೂ ಕೂಡಿ "ಇನ್ನು ಮುಂದೆ ಹಿಂಗೇ" ಎಂದು ಒಂದು ಮಾತಿಗೆ ಬರುತ್ತಾರೆ. ಆ ಎರಡನೆಯದಕ್ಕೇ ನಿಯಮ ಎಂದು ಹೆಸರು.

ಇವತ್ತು ನಿಮಗೆ ಹೇಳಹೊರಟಿರುವುದು ಬೇಸ್‌ಬಾಲ್ ಎಂಬ ಆಟದ ನಿಯಮಗಳ ಕಥೆ. ನಮ್ಮೂರಿನಲ್ಲಿ ಯಾರೂ ಆಡದ ಆಟದ ಕಥೆ ಯಾಕೆ ಎಂದು ಕೇಳಬಹುದು. ನನ್ನ ಮೊಮ್ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ವಾರಕ್ಕೊಮ್ಮೆ ಫೋನಿನಲ್ಲಿ "ಮುತ್ಯಾ, ಇವತ್ತ ನಾ ಸ್ಟ್ರೈಕ್‌ಔಟ್ ಆದೆ", "ಮುತ್ಯಾ, ಇವತ್ತ ಹೋಮ್ ತನಕ ಓಡಿದೆ" ಎಂದು ವರದಿ ಒಪ್ಪಿಸುತ್ತಾನೆ. ಅವನ ಮಾತು ತಿಳಿಯಲೆಂದು ಪುಸ್ತಕ ಹಿಡಿದು ಕೂತೆ. ನಾನು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಔರಾದ್, ಭಾಲ್ಕಿ, ಬೀದರ್ ಶಾಖೆಗಳಲ್ಲಿ ದುಡಿದು ನಿವೃತ್ತನಾದವನು. ಆ ಆಟದ ನಿಯಮಗಳನ್ನು ಕಾಗದಕ್ಕೆ ಇಳಿಸಿದವರ ಒಂದು ಗುಂಪಿನಲ್ಲಿ ಒಬ್ಬ ಬ್ಯಾಂಕ್ ಕ್ಲರ್ಕ್ ಇದ್ದ ಎಂದು ಗೊತ್ತಾದ ಮೇಲೆ ಪುಸ್ತಕ ಕೆಳಗಿಡಲು ಮನಸ್ಸಾಗಲಿಲ್ಲ.

ಆಟ ಎಂದರೆ ಇಷ್ಟು

ಮೊದಲು ಮೈದಾನ. ನೆಲದ ಮೇಲೆ ಒಂದು ಚೌಕ ಬರೆಯಿರಿ. ಅದರ ಪ್ರತಿ ಬದಿ 90 ಅಡಿ, ಅಂದರೆ ಸುಮಾರು 27 ಮೀಟರ್ 43 ಸೆಂಟಿಮೀಟರ್. ನಾಲ್ಕು ಮೂಲೆಗಳಲ್ಲಿ ನಾಲ್ಕು ಠಾಣೆ. ಬ್ಯಾಟು ಹಿಡಿದವನು ನಿಲ್ಲುವ ಮೂಲೆ 'ಹೋಮ್', ಅಂದರೆ ಮನೆ. ಉಳಿದವು ಒಂದು, ಎರಡು, ಮೂರನೆಯ ಬೇಸ್. ಚೆಂಡು ಎಸೆಯುವವನಿಗೆ ಪಿಚರ್ ಎನ್ನುತ್ತಾರೆ. ಅವನು ಚೌಕದ ನಡುವೆ, ಹೋಮ್‌ನಿಂದ 60 ಅಡಿ 6 ಅಂಗುಲ ದೂರದಲ್ಲಿ ನಿಲ್ಲುತ್ತಾನೆ. ನಮ್ಮ ಕ್ರಿಕೆಟ್ ಪಿಚ್ 66 ಅಡಿ. ಕ್ರಿಕೆಟ್‌ನಲ್ಲಿ ಚೆಂಡು ನೆಲಕ್ಕೆ ಬಡಿದು ಏಳುತ್ತದೆ, ಇಲ್ಲಿ ನೇರವಾಗಿ ಗಾಳಿಯಲ್ಲೇ ಬರುತ್ತದೆ.

ಬ್ಯಾಟರ್ ಚೆಂಡು ಹೊಡೆದು ಒಂದನೆಯ ಬೇಸ್‌ಗೆ ಓಡಬೇಕು. ಅಲ್ಲಿಂದ ಎರಡು, ಮೂರು, ಮತ್ತೆ ಹೋಮ್. ಒಂದು ಸುತ್ತು ಮುಗಿಸಿ ಮನೆ ಮುಟ್ಟಿದರೆ ಒಂದು ರನ್. ಒಂದೇ ಉಸಿರಿಗೆ ಸುತ್ತು ಮುಗಿಸಬೇಕೆಂದಿಲ್ಲ. ನಡುವಿನ ಬೇಸ್‌ನಲ್ಲಿ ನಿಂತು ಕಾಯಬಹುದು, ಮುಂದಿನವನು ಹೊಡೆದಾಗ ಮತ್ತೆ ಓಡಬಹುದು. ತಂಡಕ್ಕೆ ಒಂಬತ್ತು ಮಂದಿ. ಮೂವರು ಔಟಾದರೆ ಸರದಿ ಬದಲು. ಹೀಗೆ ಒಂಬತ್ತು ಇನಿಂಗ್ಸ್. ಅಂದರೆ ಒಂದು ತಂಡದ ಕೈಯಲ್ಲಿ ಒಟ್ಟು 27 ಔಟ್‌ಗಳ ಬಂಡವಾಳ. ಅದು ಕರಗುವ ತನಕ ಆಟ ಉಂಟು. ಗಂಟೆ ಎಷ್ಟಾಯಿತು ಎಂಬುದರ ಮೇಲೆ ಆಟ ಮುಗಿಯುವುದಿಲ್ಲ.

ಮಕ್ಕಳ ಪುಸ್ತಕದಲ್ಲಿ ಮೊದಲ ಹೆಸರು

ಈ ಆಟದ ಹೆಸರು ಮೊದಲು ಅಚ್ಚಾದದ್ದು ಎಲ್ಲಿ ಗೊತ್ತೇ? ನೀವು ಓದುವಂಥ ಒಂದು ಮಕ್ಕಳ ಪುಸ್ತಕದಲ್ಲಿ! 1744ರಲ್ಲಿ ಲಂಡನ್ನಿನ ಜಾನ್ ನ್ಯೂಬೆರಿ ಎಂಬ ಪ್ರಕಾಶಕ ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಹೊರತಂದ. ಇಂಗ್ಲಿಷ್ ಅಕ್ಷರಕ್ಕೊಂದು ಆಟ, ಆಟಕ್ಕೊಂದು ಚಿತ್ರ, ಚಿತ್ರಕ್ಕೊಂದು ಪದ್ಯ. ಅದರಲ್ಲಿ ಬೇಸ್‌ಬಾಲ್ ಕೂಡ ಒಂದು. ಚಿತ್ರದಲ್ಲಿ ಬೇಸ್‌ಗಳ ಜಾಗದಲ್ಲಿ ಕಂಬಗಳಿವೆ. ಅಂದರೆ ಅಮೆರಿಕದ ಆಟ ಎಂದು ಹೆಸರಾದದ್ದು ಮೊದಲು ಇಂಗ್ಲೆಂಡಿನ ಮಕ್ಕಳ ಆಟ. ಹಡಗು ಹತ್ತಿ ಹೋದ ಕುಟುಂಬಗಳ ಜತೆ ಅದೂ ಅಮೆರಿಕಕ್ಕೆ ಹೋಯಿತು. ಅಲ್ಲಿ ಊರಿಗೊಂದು ರೀತಿ ಆಡುತ್ತಿದ್ದರು.

ಆಟಗಳು ಹೀಗೆ ಗಡಿ ದಾಟುವುದು ನಮಗೇನು ಹೊಸದೇ? ನಾವು ಚಿಣಿ-ದಾಂಡು ಅನ್ನುವುದನ್ನು ನಮ್ಮಲ್ಲೇ ಮರಾಠಿ ಮನೆಗಳಲ್ಲಿ ವಿಟಿ-ದಾಂಡು ಎನ್ನುತ್ತಾರೆ, ಉರ್ದು ಮಾತಾಡುವ ಮನೆಗಳಲ್ಲಿ ಗಿಲ್ಲಿ-ದಂಡಾ ಎನ್ನುತ್ತಾರೆ. ಮರಾಠಿ ಮಕ್ಕಳು ಈ ಆಟದಲ್ಲಿ ದಾಂಡಿನಿಂದ ಅಳೆಯುವಾಗ ಎಣಿಸುವುದು "ವಕಟ್, ಲೇಂಡ್, ಮೂಂಡ್, ನಾಲ್" ಎಂದು. ಬಾಯಿ ಬಿಟ್ಟು ಹೇಳಿ ನೋಡಿ. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಕೇಳಿಸುತ್ತದೆಯಲ್ಲವೇ? ಆಟ ಯಾವ ಗಡಿ ದಾಟಿ ಬಂತೆಂದು ಆ ಎಣಿಕೆಯೇ ಸಾಕ್ಷಿ ಹೇಳುತ್ತದೆ.

ಕ್ಲರ್ಕ್ ಇದ್ದ ಕ್ಲಬ್ಬು

ಈಗ ನ್ಯೂಯಾರ್ಕಿಗೆ ಬನ್ನಿ. 1840ರ ದಶಕ. ಅಲ್ಲಿ ಸಂಜೆ ಕೆಲಸ ಮುಗಿಸಿ ಬಯಲಿನಲ್ಲಿ ಚೆಂಡಾಡುವ ಒಂದು ಗೆಳೆಯರ ಗುಂಪಿತ್ತು. ವ್ಯಾಪಾರಿಗಳು, ಕ್ಲರ್ಕುಗಳು, ವಕೀಲರು, ವೈದ್ಯರು ಅದರಲ್ಲಿದ್ದರು. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ದುಡಿದ 25 ವರ್ಷದ ಅಲೆಕ್ಸಾಂಡರ್ ಕಾರ್ಟ್‌ರೈಟ್ ಎಂಬಾತನೂ ಇದ್ದ. ಗುಂಪಿನ ಹೆಸರು ನಿಕರ್‌ಬಾಕರ್ ಕ್ಲಬ್. 1845ರ ಸೆಪ್ಟೆಂಬರ್ 23ರಂದು ಈ ಕ್ಲಬ್ಬು ತನ್ನ ನಿಯಮಗಳನ್ನು ಬರೆದು ಒಪ್ಪಿಕೊಂಡಿತು. ಒಟ್ಟು ಇಪ್ಪತ್ತು ನಿಯಮ. ಅವುಗಳಲ್ಲಿ ಕೆಲವನ್ನು ನೋಡಿ. ಪ್ರತಿಯೊಂದರ ಹಿಂದೆ ಯಾವ ಜಗಳ ಇದ್ದೀತು ಎಂದು ನೀವೇ ಊಹಿಸುವಿರಿ.

ಒಂದು: ಓಡುವವನ ಮೈಗೆ ಚೆಂಡು ಎಸೆಯುವಂತಿಲ್ಲ. ಅದಕ್ಕೆ ಮೊದಲು ಅನೇಕ ಊರುಗಳಲ್ಲಿ ನಮ್ಮ ಲಗೋರಿಯಂತೆ ಓಡುವವನಿಗೆ ಚೆಂಡು ಬೀಸಿ ಹೊಡೆದು ಔಟ್ ಮಾಡುತ್ತಿದ್ದರು. ಲಗೋರಿಯಲ್ಲಿ ಬೆನ್ನಿಗೆ ಚೆಂಡು ಬಡಿದು ಚುರ್ ಎಂದದ್ದು ನನ್ನ ವಯಸ್ಸಿನವರಿಗೆಲ್ಲ ಇನ್ನೂ ನೆನಪಿದ್ದೀತು. ಕ್ಲಬ್ಬಿನವರು ಅದನ್ನು ನಿಲ್ಲಿಸಿದರು. ಓಡುವವನು ತಲುಪುವ ಮೊದಲೇ ಚೆಂಡು ಆ ಬೇಸ್‌ನಲ್ಲಿ ಎದುರಾಳಿಯ ಕೈಯಲ್ಲಿದ್ದರೆ ಔಟ್, ಅಥವಾ ಚೆಂಡು ಹಿಡಿದು ಅವನನ್ನು ಮುಟ್ಟಿದರೆ ಔಟ್ ಎಂದು ಬರೆದರು. ಮೈಗೆ ಎಸೆಯುವುದು ನಿಂತ ಮೇಲೆ ಚೆಂಡು ಮೆತ್ತಗಿರಬೇಕಾದ ಅಗತ್ಯವೂ ಉಳಿಯಲಿಲ್ಲ. ಗಟ್ಟಿ ಚೆಂಡು ಬಂತು, ಹೊಡೆತ ದೂರ ಹೋಯಿತು, ಆಟದ ಚಹರೆಯೇ ಬದಲಾಯಿತು. ಯಾರಿಗೂ ಪೆಟ್ಟಾಗಬಾರದು ಎಂಬ ಒಂದು ಸಾಲು ಇಷ್ಟು ಕೆಲಸ ಮಾಡಿತು.

ಎರಡು: ಹೋಮ್‌ನಿಂದ ಒಂದನೆಯ ಬೇಸ್ ಕಡೆಗೆ ಒಂದು ಗೆರೆ, ಮೂರನೆಯ ಬೇಸ್ ಕಡೆಗೆ ಒಂದು ಗೆರೆ. ಇವೆರಡರ ಹೊರಗೆ ಹೋದ ಹೊಡೆತ ಫೌಲ್, ಲೆಕ್ಕಕ್ಕಿಲ್ಲ. ಕ್ರಿಕೆಟ್‌ನಲ್ಲಿ ಬೆನ್ನ ಹಿಂದಕ್ಕೂ ಹೊಡೆಯಬಹುದು. ಬೇಸ್‌ಬಾಲಿನಲ್ಲಿ ಹಾಗಿಲ್ಲ. ಎರಡು ಆಟಗಳೂ ಬೇರೆ ಬೇರೆ ದಾರಿ ಹಿಡಿದದ್ದಕ್ಕೆ ಈ ಗೆರೆ ದೊಡ್ಡ ಕಾರಣ.

ಮೂರು: ಮೂವರು ಔಟಾದರೆ ಇಡೀ ತಂಡ ಔಟ್. ಈ ನಿಯಮದಿಂದ ಎಲ್ಲರಿಗೂ ಬೇಗ ಬೇಗ ಸರದಿ ಸಿಗುತ್ತದೆ. ಒಬ್ಬನೇ ಬೆಳಗಿನಿಂದ ಸಂಜೆಯ ತನಕ ಬ್ಯಾಟು ಬಿಡದೆ ನಿಂತ ಎಂಬ ದೂರಿಗೆ ಜಾಗವಿಲ್ಲ.

ನಾಲ್ಕು: ಹೋಮ್‌ನಿಂದ ಎರಡನೆಯ ಬೇಸ್‌ಗೆ 42 ಹೆಜ್ಜೆ, ಒಂದರಿಂದ ಮೂರಕ್ಕೆ 42 ಹೆಜ್ಜೆ. ಯಾರ ಹೆಜ್ಜೆ? ಅದನ್ನು ಬರೆಯಲಿಲ್ಲ. ಹಾಗಾಗಿ ಉದ್ದ ಕಾಲಿನವನು ಅಳೆದರೆ ಮೈದಾನ ದೊಡ್ಡದು, ಗಿಡ್ಡ ಕಾಲಿನವನು ಅಳೆದರೆ ಚಿಕ್ಕದು!

ಐದನೆಯದು ಆಟದ್ದಲ್ಲ, ನಡತೆಯದ್ದು. ಮೈದಾನದಲ್ಲಿ ಕೆಟ್ಟ ಮಾತಾಡಿದ ಸದಸ್ಯನಿಗೆ ಕ್ಲಬ್ಬಿನವರು ಸುಮಾರು ಆರು ಸೆಂಟ್ ದಂಡ ಹಾಕುತ್ತಿದ್ದರು. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಈ ನಿಯಮ ತಂದರೆ ವಾರದಲ್ಲೇ ಹೊಸ ಬ್ಯಾಟು ಕೊಳ್ಳುವಷ್ಟು ಹಣ ಕೂಡುತ್ತದೆ.

ನ್ಯೂಯಾರ್ಕಿನಲ್ಲಿ ಬಯಲುಗಳೆಲ್ಲ ಕಟ್ಟಡಗಳ ಪಾಲಾಗುತ್ತಿದ್ದವು. ಹಾಗಾಗಿ ಅವರು ಹಡ್ಸನ್ ನದಿ ದಾಟಿ ನ್ಯೂಜೆರ್ಸಿಯ ಹೊಬೋಕನ್ ಊರಿನ ಎಲಿಸಿಯನ್ ಫೀಲ್ಡ್ಸ್ ಎಂಬ ಹುಲ್ಲುಗಾವಲಿಗೆ ಹೋಗಿ ಆಡುತ್ತಿದ್ದರು. ಅಲ್ಲಿ 1846ರ ಜೂನ್ 19ರಂದು ಇನ್ನೊಂದು ತಂಡದ ಜತೆ ಪಂದ್ಯ ನಡೆಯಿತು. ನಿಯಮ ಬರೆದವರು ಗೆದ್ದರೇ? ಇಲ್ಲ, 23ಕ್ಕೆ 1ರಂತೆ ಸೋತರು. ನಿಯಮ ಬರೆದವನಿಗೂ ನಿಯಮ ರಿಯಾಯಿತಿ ಕೊಡುವುದಿಲ್ಲ.

ಒಂಬತ್ತು, ಒಂಬತ್ತು, ತೊಂಬತ್ತು

ಮೊದಲು ಆಟ ಮುಗಿಯುತ್ತಿದ್ದದ್ದು ಯಾರಾದರೂ 21 ರನ್ ಮಾಡಿದಾಗ. ಅದು ಅರ್ಧ ಗಂಟೆಯಲ್ಲೂ ಆಗಬಹುದು, ಕತ್ತಲಾದರೂ ಆಗದೆ ಇರಬಹುದು. ಕ್ಲಬ್ಬುಗಳು ಹೆಚ್ಚಾದಂತೆ ಇದು ತಲೆನೋವಾಯಿತು. 1857ರಲ್ಲಿ ಹದಿನಾರು ಕ್ಲಬ್ಬುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸಭೆ ಸೇರಿದರು. ಅಧ್ಯಕ್ಷತೆ ವಹಿಸಿದವರು ನಿಕರ್‌ಬಾಕರ್ ಕ್ಲಬ್ಬಿನ ಡಾಕ್ಟರ್ ಡೇನಿಯಲ್ ಆಡಮ್ಸ್. ಆ ಕಾಲದಲ್ಲಿ ಒಳ್ಳೆಯ ಚೆಂಡು ಸಿಗುತ್ತಿರಲಿಲ್ಲವಾದ್ದರಿಂದ ಈ ಡಾಕ್ಟರು ಬೇರೆ ಕ್ಲಬ್ಬುಗಳಿಗೂ ತಾವೇ ಚೆಂಡು ಮಾಡಿಕೊಡುತ್ತಿದ್ದರು.

ಇನಿಂಗ್ಸ್ ಏಳಿರಲಿ ಎಂಬ ಸಲಹೆ ಬಂದಿತ್ತು. ಚರ್ಚೆಯಾಗಿ ಒಂಬತ್ತು ಎಂದು ನಿಂತಿತು. ಆಟಗಾರರೂ ಒಂಬತ್ತು. ಬೇಸ್‌ನಿಂದ ಬೇಸ್‌ಗೆ ದೂರ 90 ಅಡಿ. ಹೆಜ್ಜೆಯ ಲೆಕ್ಕ ಹೋಗಿ ಟೇಪಿನ ಲೆಕ್ಕ ಬಂತು. ಎಂಟನೆಯ ತರಗತಿ ದಾಟಿದವರು ಪೈಥಾಗೋರಸ್ ಪ್ರಮೇಯ ಹಾಕಿ ನೋಡಿ. 90 ಅಡಿ ಚೌಕದ ಕರ್ಣ ಸುಮಾರು 127 ಅಡಿ. ಹೆಜ್ಜೆಗೆ 3 ಅಡಿಯಂತೆ 42 ಹೆಜ್ಜೆ ಎಂದರೆ 126 ಅಡಿ. ಹಳೆಯ ಲೆಕ್ಕ ಹೊಸ ಲೆಕ್ಕ ಎಷ್ಟು ಹತ್ತಿರ ಬಂದವು ನೋಡಿ!

ಆಡಮ್ಸ್ ತಮ್ಮ ಕೈಯಾರೆ ಬರೆದ ಆ ನಿಯಮಗಳ ಹಾಳೆಗಳು 2016ರಲ್ಲಿ ಹರಾಜಿಗೆ ಬಂದವು. ಮಾರಾಟವಾದದ್ದು 32 ಲಕ್ಷ ಡಾಲರಿಗೂ ಮೇಲೆ. ಜೀವನವಿಡೀ ಕಾಗದದ ಜತೆ ಕಳೆದ ನನಗೆ ಇದನ್ನು ಓದಿ ಸಂತೋಷವಾಯಿತು. ಬರೆದಿಟ್ಟದ್ದಕ್ಕೆ ಬೆಲೆ ಉಂಟು.

ಸ್ಟ್ರೈಕು ಮತ್ತು ಬಾಲು

ನಿಯಮ ಬಂದ ಮೇಲೆ ಜಾಣರೂ ಬಂದರು. ತನಗೆ ಬೇಕಾದ ಚೆಂಡು ಬರುವ ತನಕ ಬ್ಯಾಟರ್ ಸುಮ್ಮನೆ ನಿಲ್ಲತೊಡಗಿದ. ಅದಕ್ಕೆ 1858ರಲ್ಲಿ ಅಂಪೈರಿಗೆ ಅಧಿಕಾರ ಕೊಟ್ಟರು: ಒಳ್ಳೆಯ ಚೆಂಡನ್ನು ಬೇಕೆಂದೇ ಬಿಟ್ಟರೆ ಅದೂ ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಆಗ ಪಿಚರ್ ಜಾಣನಾದ. ಬ್ಯಾಟಿಗೆ ಎಟುಕದಂತೆ ಆಚೆ ಈಚೆ ಎಸೆಯತೊಡಗಿದ. ಅದಕ್ಕೂ ಮದ್ದು ಬಂತು. ಅಂಥ ಕೆಟ್ಟ ಎಸೆತಕ್ಕೆ 'ಬಾಲ್' ಎಂದು ಹೆಸರು. ನಿಗದಿಯಾದಷ್ಟು ಬಾಲ್ ಆದರೆ ಬ್ಯಾಟರ್‌ಗೆ ಒಂದನೆಯ ಬೇಸ್ ಬಿಟ್ಟಿ. 1879ರಲ್ಲಿ ಅದು ಒಂಬತ್ತಿತ್ತು. ಏರಿಳಿದು, ಏರಿಳಿದು 1889ರಲ್ಲಿ ನಾಲ್ಕಕ್ಕೆ ಬಂದು ನಿಂತಿತು. ಇವತ್ತಿಗೂ ನಾಲ್ಕೇ.

ಹಾಗೆಯೇ ಮೊದಲು ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕಿತ್ತು. ಭುಜದ ಮೇಲಿಂದ ಎಸೆಯಲು ದೊಡ್ಡ ಲೀಗಿನಲ್ಲಿ ಒಪ್ಪಿಗೆ ಸಿಕ್ಕಿದ್ದು 1884ರಲ್ಲಿ. ಚೆಂಡಿನ ವೇಗ ಏರಿತು, ಬ್ಯಾಟರ್ ಕಂಗಾಲಾದ. 1893ರಲ್ಲಿ ಪಿಚರನನ್ನು ಹಿಂದೆ ಸರಿಸಿ 60 ಅಡಿ 6 ಅಂಗುಲದಲ್ಲಿ ನಿಲ್ಲಿಸಿದರು. ಇಬ್ಬರಿಗೂ ನ್ಯಾಯ ಆಯಿತು.

ಒಂದು ಟಪ್ಪಾ ಬಿದ್ದ ಚೆಂಡು ಹಿಡಿದರೂ ಔಟ್ ಎಂಬ ನಮ್ಮ ಗಲ್ಲಿಯ ನಿಯಮ ಅಲ್ಲೂ ಇತ್ತು. ವರ್ಷಗಟ್ಟಲೆ ವಾದ ನಡೆದು 1865ರ ಹಂಗಾಮಿನಿಂದ ಗೆರೆಯೊಳಗಿನ ಹೊಡೆತಕ್ಕೆ ಅದು ರದ್ದಾಯಿತು. ಆಗಿನವರಿಗೆ ಕೈಗವಸು ಇರಲಿಲ್ಲ ಎಂಬುದನ್ನು ಮರೆಯಬೇಡಿ.

ಲೆಕ್ಕ ತಾಳೆಯಾಗಲೇಬೇಕು

ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಹೆನ್ರಿ ಚಾಡ್‌ವಿಕ್ ಎಂಬ ಪತ್ರಕರ್ತ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದ. ಬೇಸ್‌ಬಾಲಿಗೆ ಅಂಕಪಟ್ಟಿ ಬರೆಯುವ ಕ್ರಮವನ್ನು ಬೆಳೆಸಿದವರಲ್ಲಿ ಅವನು ಮುಖ್ಯ. ಆ ಪಟ್ಟಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿಷಯ ಹೇಳುತ್ತೇನೆ. ಒಂದು ತಂಡದವರು ಬ್ಯಾಟು ಹಿಡಿದು ನಿಂತ ಸರದಿ ಎಷ್ಟು ಎಂದು ಕೂಡಿಸಿ. ಇನ್ನೊಂದು ಕಡೆ ಅವರ ರನ್, ಅವರ ಔಟ್, ಇನಿಂಗ್ಸ್ ಮುಗಿದಾಗ ಬೇಸ್‌ಗಳಲ್ಲೇ ಉಳಿದವರು, ಈ ಮೂರನ್ನೂ ಕೂಡಿಸಿ. ಎರಡೂ ಒಂದೇ ಬರಬೇಕು. ಒಂಬತ್ತೂ ಇನಿಂಗ್ಸ್ ಆಡಿದ ತಂಡ 38 ಸರದಿ ನಿಂತಿತ್ತು, 5 ರನ್ ಮಾಡಿತ್ತು, 27 ಔಟ್ ಆಗಿತ್ತು ಎಂದುಕೊಳ್ಳಿ. ಹಾಗಾದರೆ ಬೇಸ್‌ನಲ್ಲಿ ಉಳಿದವರು 6 ಮಂದಿಯೇ ಆಗಿರಬೇಕು. ಬರದಿದ್ದರೆ ಬರೆದವನ ತಪ್ಪು. ಸಂಜೆ ಕ್ಯಾಷ್ ತಾಳೆಯಾಗದೆ ಮನೆಗೆ ಹೋಗದ ಬ್ಯಾಂಕಿನವರಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೇ?

ಜನರಲ್ ಸಾಹೇಬರ ದಂತಕಥೆ

ಇಂಗ್ಲೆಂಡಿನ ಮಕ್ಕಳ ಆಟದಿಂದ ನಮ್ಮ ರಾಷ್ಟ್ರೀಯ ಆಟ ಬಂತು ಎನ್ನಲು ಅಮೆರಿಕದ ಕೆಲವರಿಗೆ ಇಷ್ಟವಿರಲಿಲ್ಲ. ಕ್ರೀಡಾ ಸಾಮಗ್ರಿಯ ದೊಡ್ಡ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್‌ನ ಒತ್ತಾಯದಿಂದ 1905ರಲ್ಲಿ ಒಂದು ಸಮಿತಿ ಆಯಿತು. ಒಬ್ಬ ಗಣಿ ಎಂಜಿನಿಯರರು ಪತ್ರ ಬರೆದು, 1839ರಲ್ಲಿ ಕೂಪರ್ಸ್‌ಟೌನ್ ಊರಿನಲ್ಲಿ ಆಬ್ನರ್ ಡಬಲ್‌ಡೇ ಎಂಬವನು ಈ ಆಟ ಕಂಡುಹಿಡಿದ ಎಂದರು. ಡಬಲ್‌ಡೇ ಮುಂದೆ ಅಂತರ್ಯುದ್ಧದಲ್ಲಿ ಜನರಲ್ ಆಗಿ ಹೆಸರಾದವನು. ಸಮಿತಿ 1907ರ ಕೊನೆಗೆ ಅದನ್ನೇ ಒಪ್ಪಿ ವರದಿ ಕೊಟ್ಟಿತು. 1939ರಲ್ಲಿ ಆ ಊರಿನಲ್ಲಿ ದೊಡ್ಡ ಸಂಗ್ರಹಾಲಯವೂ ಆಯಿತು.

ಈಗ ಲೆಕ್ಕ ಹಾಕಿ. ಪತ್ರ ಬರೆದವರಿಗೆ ಆಗ 71 ವರ್ಷ. 1839ರಲ್ಲಿ ಅವರು ಐದು ವರ್ಷದ ಮಗು. ಆ ವರ್ಷ ಡಬಲ್‌ಡೇ ಇದ್ದದ್ದು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ. 1893ರಲ್ಲಿ ತೀರಿಕೊಳ್ಳುವ ತನಕ ತಾನು ಈ ಆಟ ಕಂಡುಹಿಡಿದೆ ಎಂದು ಅವನು ಎಲ್ಲೂ ಹೇಳಿಕೊಂಡಿಲ್ಲ. ಇತಿಹಾಸಕಾರರು ದಾಖಲೆ ತೆಗೆದು ಆ ಕಥೆಯನ್ನು ಪಕ್ಕಕ್ಕಿಟ್ಟರು. ಅಷ್ಟೇ ಅಲ್ಲ, ಸಂಗ್ರಹಾಲಯದ ಫಲಕದಲ್ಲಿ ಕ್ಲರ್ಕ್ ಕಾರ್ಟ್‌ರೈಟ್‌ನ ಹೆಸರಿಗೆ ಬರೆದ 90 ಅಡಿ, ಒಂಬತ್ತು ಮಂದಿ, ಒಂಬತ್ತು ಇನಿಂಗ್ಸ್ ಕೂಡ ಅವನವಲ್ಲ, 1857ರ ಸಭೆಯವು ಎಂದು ತಿದ್ದಿದರು. 1849ರಲ್ಲೇ ಅವನು ನ್ಯೂಯಾರ್ಕ್ ಬಿಟ್ಟು ಹೋಗಿ ಹವಾಯಿಯಲ್ಲಿ ನೆಲೆಸಿದ್ದ. ಕ್ಲರ್ಕ್ ನಮ್ಮವನೆಂದು ಹೆಚ್ಚು ಜಮಾ ಮಾಡಲು ಬರುವುದಿಲ್ಲ. ಒಬ್ಬನ ತಲೆಯಿಂದ ಹುಟ್ಟಿದ ಆಟ ಇದಲ್ಲ. ಮಕ್ಕಳು, ಕ್ಲರ್ಕುಗಳು, ಡಾಕ್ಟರು, ಪತ್ರಕರ್ತರು ಎಲ್ಲರೂ ಸೇರಿ ಕಟ್ಟಿದ ಆಟ.

ಬರೆಯದೆ ಇದ್ದ ನಿಯಮ

ಮಕ್ಕಳೇ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಷ್ಟೆಲ್ಲ ನಿಯಮ ಬರೆದವರು ಒಂದನ್ನು ಮಾತ್ರ ದೊಡ್ಡ ಲೀಗಿನ ನಿಯಮ ಪುಸ್ತಕದಲ್ಲಿ ಬರೆಯದೆಯೇ ನಡೆಸಿದರು. ಕಪ್ಪು ಜನರನ್ನು ಆ ಲೀಗಿನಲ್ಲಿ ಆಡಿಸಬಾರದು ಎಂಬುದು ಆ ನಿಯಮ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಟೊಲೀಡೊ ತಂಡದಲ್ಲಿ ಆಡಿದ್ದ. ಆಮೇಲೆ ತಂಡಗಳ ಮಾಲೀಕರು ಒಳಗೊಳಗೇ ಮಾತಾಡಿಕೊಂಡು ಬಾಗಿಲು ಮುಚ್ಚಿದರು. ಬರೆದ ನಿಯಮವಾದರೆ ತೋರಿಸಿ ಪ್ರಶ್ನಿಸಬಹುದು. ಬರೆಯದ್ದನ್ನು ಯಾರಿಗೆ ತೋರಿಸುವುದು? ಕಪ್ಪು ಆಟಗಾರರು ತಮ್ಮದೇ ಲೀಗು ಕಟ್ಟಿಕೊಂಡು ಅದೇ 90 ಅಡಿ, ಅದೇ ಮೂರು ಸ್ಟ್ರೈಕ್ ನಿಯಮದಲ್ಲಿ ಸೊಗಸಾಗಿ ಆಡಿದರು.

ಆ ಬಾಗಿಲು ತೆರೆದದ್ದು 1947ರ ಏಪ್ರಿಲ್ 15ರಂದು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ. ಜ್ಯಾಕಿ ರಾಬಿನ್‌ಸನ್ ಎಂಬ ಆಟಗಾರ ಬ್ರೂಕ್ಲಿನ್ ಡಾಜರ್ಸ್ ತಂಡದ ಪರ ಮೈದಾನಕ್ಕಿಳಿದ. ಬೈಗುಳ ಕೇಳಬೇಕಾಯಿತು, ಬೆದರಿಕೆ ಪತ್ರ ಬಂದವು. ಅವನು ಆಡುತ್ತಲೇ ಹೋದ. ಅವನ ಅಂಗಿಯ ಸಂಖ್ಯೆ 42. 1997ರಿಂದ ಯಾವ ತಂಡದ ಹೊಸ ಆಟಗಾರನಿಗೂ ಆ ಸಂಖ್ಯೆ ಕೊಡುವುದಿಲ್ಲ. ಆದರೆ ಪ್ರತಿ ವರ್ಷ ಏಪ್ರಿಲ್ 15ರಂದು ಎಲ್ಲ ತಂಡಗಳ ಎಲ್ಲರೂ 42 ಎಂದು ಬರೆದ ಅಂಗಿಯನ್ನೇ ತೊಟ್ಟು ಆಡುತ್ತಾರೆ.

ನಿಮ್ಮ ಗುಂಪಿನಲ್ಲೂ ಬರೆಯದ ನಿಯಮಗಳು ಇದ್ದಾವು. "ಅವನ್ನ ಕರಿಯಬ್ಯಾಡ", "ಅಕಿ ಹುಡುಗಿ, ಅಕಿಗಿ ಬ್ಯಾಟ್ ಬ್ಯಾಡ". ಅವನ್ನು ಒಂದು ಹಾಳೆಯ ಮೇಲೆ ಬರೆದು ಗಟ್ಟಿಯಾಗಿ ಓದಿ ನೋಡಿ. ಓದಲು ನಾಚಿಕೆಯಾಗುವ ನಿಯಮವನ್ನು ಹೊಡೆದು ಹಾಕಬೇಕು.

ಈ ವಾರದ ಕೆಲಸ

ನಮ್ಮ ಚಿಣಿ-ದಾಂಡಿನ ನಿಯಮಗಳು ಎಲ್ಲಿ ಬರೆದಿವೆ? ಹೆಚ್ಚಿನವು ಮುತ್ಯಾ, ಆಯಿಯರ ತಲೆಯಲ್ಲಿವೆ. ನಾನು ಹುಡುಗನಾಗಿದ್ದಾಗ ನಮ್ಮ ಓಣಿಯಲ್ಲಿ ಚಿಣಿಯನ್ನು ಚಿಮ್ಮಿಸಿ ಹೊಡೆಯಲು ಮೂರು ಅವಕಾಶ. ಎರಡು ಓಣಿ ಆಚೆ ಹೋದರೆ ಒಂದೇ. ಚಿಣಿ ಮರದ ಕೊಂಬೆಗೆ ಸಿಕ್ಕಿಕೊಂಡರೆ ಏನು, ಗಾಳಿಯಲ್ಲೇ ಎರಡು ಸಲ ಹೊಡೆದರೆ ಎಷ್ಟು ಎಂಬುದಕ್ಕೆಲ್ಲ ಓಣಿಗೊಂದು ಕಾಯ್ದೆ ಇತ್ತು. ಆಡುವವರು ಕಡಿಮೆಯಾದಂತೆ ಆ ಕಾಯ್ದೆಗಳೂ ಅಳಿಸಿಹೋಗುತ್ತಿವೆ.

ಮಕ್ಕಳು ಒಂದು ನೋಟ್‌ಬುಕ್ಕು, ಒಂದು ಪೆನ್ನು ತನ್ನಿ. ಹಿರಿಯರು ಅರ್ಧ ಗಂಟೆ ಟಿ.ವಿ. ಆರಿಸಿ. ದಾಂಡು ಎಷ್ಟು ಗೇಣು, ಚಿಣಿ ಎಷ್ಟು ಬೆರಳು, ಔಟ್ ಆಗುವುದು ಹೇಗೆ, ಅಳತೆ ಹೇಗೆ, ಸೋತವರು ಏನು ಮಾಡಬೇಕು, ಒಂದೊಂದಾಗಿ ಕೇಳಿ ಬರೆಯಿರಿ. ಬೀದರಿನ ಮುತ್ಯಾ ಒಂದು ಹೇಳಿ, ಔರಾದಿನ ಆಯಿ ಇನ್ನೊಂದು ಹೇಳಿ, ಭಾಲ್ಕಿಯ ಮಾವ "ಎರಡೂ ಸುಳ್ಳು" ಎಂದರೆ ಮೂರನ್ನೂ ಬರೆಯಿರಿ. ಕೆಳಗೆ ಊರು, ತಾರೀಖು ಹಾಕಿ, ಹೇಳಿದವರ ಸಹಿ ತೆಗೆದುಕೊಳ್ಳಿ. ಸಹಿ ಇಲ್ಲದ ಕಾಗದವನ್ನು ಬ್ಯಾಂಕಿನವರು ಒಪ್ಪುವುದಿಲ್ಲ.